ಹೊತ್ತು ತರುವುದು ಬೇರೆ, ಕಟ್ಟಿ ಹಾಕುವುದು ಬೇರೆ

ವ್ಯಸನಕ್ಕೆ ಸಿಲುಕಿದ ಮಗನ ಅಥವಾ ಗಂಡನ ವಿಷಯವಾಗಿ ಧರ್ಮಗುರುಗಳ ಬಳಿಗೆ ಬರುವ ತಾಯಂದಿರು ಮೊದಲು ಪ್ರಾರ್ಥನೆಯನ್ನು ಕೇಳುತ್ತಾರೆ. ಅನಂತರ ಅವನನ್ನು ಕರೆಸಿ ಬುದ್ಧಿ ಹೇಳಬೇಕೆಂದು ಕೇಳುತ್ತಾರೆ. ಎರಡೂ ಫಲಿಸದೆ ಹೋದಾಗ ಅವರ ಬಾಯಿಂದ ಹೊರಡುವ ಮಾತು ಒಂದೇ: “ಕೈಕಾಲು ಕಟ್ಟಾದ್ರೂ ಎಲ್ಲಾದ್ರೂ ಸೇರ್ಸಿಬುಡಿ ಸ್ವಾಮಿ.” ಚಾಮರಾಜನಗರ, ಗುಂಡ್ಲುಪೇಟೆಯ ಸೀಮೆಯಲ್ಲಿ ಈ ಮಾತು ಹೊಸದಲ್ಲ. ಹೀಗೆ ಕೇಳುವವರು ಕಲ್ಲುಮನಸ್ಸಿನವರೂ ಅಲ್ಲ. ಕೂಲಿಯ ಹಣ, ಹಾಲಿನ ಹಣ, ಕಡೆಗೆ ಕೊರಳ ತಾಳಿಯನ್ನೂ ಕಳೆದುಕೊಂಡು, ರಾತ್ರಿ ಬಾಗಿಲು ಬಡಿದ ಸದ್ದಿಗೇ ಮಕ್ಕಳು ನಡುಗುವ ಮನೆಗಳಿಂದ ಬಂದವರು ಅವರು.

ಆ ಮಾತಿನೊಳಗೆ ಎರಡು ಪ್ರಶ್ನೆಗಳು ಅಡಗಿವೆ. ಒಲ್ಲೆನೆನ್ನುವ ವ್ಯಸನಿಯನ್ನು ಚಿಕಿತ್ಸೆಗೆ ಒಳಪಡಿಸಲು ನಮ್ಮ ದೇಶದ ಕಾನೂನು ಒಪ್ಪುತ್ತದೆಯೇ ಎಂಬುದು ಮೊದಲನೆಯದು. ಕಾನೂನು ಒಪ್ಪಿದರೂ ಕ್ರೈಸ್ತ ಮನಸ್ಸಾಕ್ಷಿ ಅದನ್ನು ಎಷ್ಟರ ಮಟ್ಟಿಗೆ ಒಪ್ಪಬಹುದು ಎಂಬುದು ಎರಡನೆಯದು. ಈ ಎರಡನ್ನೂ ಕುರಿತು ಈ ವಾರ ಆಲೋಚಿಸೋಣ.

ನೋವಿನ ಅಳತೆ

ಕೇಂದ್ರ ಸರ್ಕಾರದ ಪರವಾಗಿ ದೆಹಲಿಯ ಅಖಿಲ ಭಾರತ ವೈದ್ಯ ವಿಜ್ಞಾನಗಳ ಸಂಸ್ಥೆಯು ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 10ರಿಂದ 75 ವರ್ಷದೊಳಗಿನ ಸುಮಾರು 16 ಕೋಟಿ ಜನ ಮದ್ಯಪಾನ ಮಾಡುತ್ತಾರೆ. ಅವರಲ್ಲಿ ಮದ್ಯಕ್ಕೆ ಪೂರ್ತಿ ದಾಸರಾದವರು ಸುಮಾರು 2.9 ಕೋಟಿ. ಗಾಂಜಾ, ಭಂಗಿ ಮುಂತಾದವನ್ನು ಬಳಸುವವರು ಸುಮಾರು 3.1 ಕೋಟಿ. ಅಂಟು, ದ್ರಾವಕಗಳ ಆವಿಯನ್ನು ಮೂಸುವ ಚಟವೊಂದರಲ್ಲಿ ಮಾತ್ರ ದೊಡ್ಡವರಿಗಿಂತ ಮಕ್ಕಳ ಪ್ರಮಾಣವೇ ಹೆಚ್ಚೆಂದು ಅದೇ ವರದಿ ಹೇಳುತ್ತದೆ. ಎಲ್ಲಕ್ಕಿಂತ ಮನಸ್ಸಿಗೆ ನಾಟುವ ಅಂಕಿ ಇನ್ನೊಂದಿದೆ: ಮದ್ಯದ ದಾಸ್ಯಕ್ಕೆ ಬಿದ್ದ 38 ಜನರಲ್ಲಿ ಒಬ್ಬನಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ದೊರೆತಿದೆ; ಆಸ್ಪತ್ರೆಯಲ್ಲಿ ಉಳಿದು ಚಿಕಿತ್ಸೆ ಪಡೆದವನು 180ರಲ್ಲಿ ಒಬ್ಬ.

ಈ ಅಂಕಿಗಳ ಹಿಂದಿರುವ ಮುಖಗಳನ್ನು ಬಲ್ಲೆವು. ಕರಿಕಲ್ಲಿನ ಗಣಿಗಳಲ್ಲಿ ದುಡಿಯುವವರು, ಅರಿಶಿನದ ಹೊಲದಲ್ಲಿ ಬೆನ್ನು ಬಗ್ಗಿಸುವವರು, ಶುಂಠಿ ಕೆಲಸಕ್ಕೆಂದು ಮೂಲೆಹೊಳೆ ದಾಟಿ ವಯನಾಡಿಗೆ ಹೋಗುವವರು, ಕೊಡಗಿನ ತೋಟಗಳಲ್ಲಿ ತಿಂಗಳುಗಟ್ಟಲೆ ಇರುವವರು. ದೇಹದ ದಣಿವನ್ನು ಮರೆಯಲೆಂದು ಆರಂಭವಾದುದು ಕ್ರಮೇಣ ದೇಹವನ್ನೇ ನುಂಗುತ್ತದೆ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಪ್ಯಾಕೆಟ್ಟು ಹೋಯಿತು, ಬಾಟಲಿ ಉಳಿಯಿತು. ಸರಕನ್ನು ತಡೆಯುವ ಕಾನೂನು ಬೇಕು, ಸಂಶಯವಿಲ್ಲ. ಆದರೆ ಈಗಾಗಲೇ ಬಿದ್ದವನನ್ನು ಅದು ಎತ್ತಲಾರದು.

ಕಾನೂನು ಏನು ಹೇಳುತ್ತದೆ?

ಬ್ರಿಟಿಷರ ಕಾಲದ 1912ರ ಹುಚ್ಚರ ಕಾಯಿದೆಗೆ ರೋಗಿಗಿಂತ ಸಮಾಜದ ರಕ್ಷಣೆಯೇ ಮುಖ್ಯವಾಗಿತ್ತು. ಅದರ ಸ್ಥಾನದಲ್ಲಿ ಬಂದ 1987ರ ಮಾನಸಿಕ ಆರೋಗ್ಯ ಕಾಯಿದೆಯು 1993ರ ಏಪ್ರಿಲ್ 1ರಂದು ಜಾರಿಯಾಯಿತು. ಈಗ ಜಾರಿಯಲ್ಲಿರುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ. 2018ರ ಮೇ 29ರಿಂದ ಅನ್ವಯವಾಗಿದೆ. ಮದ್ಯ ಹಾಗೂ ಮಾದಕ ವಸ್ತುಗಳ ದುರ್ಬಳಕೆಯಿಂದ ಉಂಟಾಗುವ ಮಾನಸಿಕ ಸ್ಥಿತಿಗಳನ್ನು ಈ ಕಾಯಿದೆ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ಸೇರಿಸಿದೆ. ಆದುದರಿಂದ ವ್ಯಸನಿಯ ಚಿಕಿತ್ಸೆಗೂ ಇದೇ ಕಾಯಿದೆ ಆಧಾರ.

ಇದರ 89ನೆಯ ಕಲಮು ನಮ್ಮ ತಾಯಂದಿರ ಪ್ರಶ್ನೆಗೆ ನೇರ ಉತ್ತರ ನೀಡುತ್ತದೆ. ರೋಗಿಯು ತಾನಾಗಿ ಒಪ್ಪದಿದ್ದರೂ, ಅವನ ಪರವಾಗಿ ನಿಲ್ಲುವ ‘ನಾಮನಿರ್ದೇಶಿತ ಪ್ರತಿನಿಧಿ’ಯ ಅರ್ಜಿಯ ಮೇಲೆ ಅವನನ್ನು 30 ದಿನಗಳವರೆಗೆ ದಾಖಲು ಮಾಡಿಕೊಳ್ಳಬಹುದು. ಅವನು ಮುಂಚೆಯೇ ಯಾರನ್ನೂ ಹೆಸರಿಸಿರದಿದ್ದರೆ ತಾಯಿ, ಹೆಂಡತಿ, ಅಣ್ಣತಮ್ಮಂದಿರಂತಹ ಬಂಧುಗಳೇ ಈ ಪ್ರತಿನಿಧಿಯಾಗಬಹುದು. ಆದರೆ ಅರ್ಜಿ ಮಾತ್ರ ಸಾಲದು. ಒಬ್ಬ ಮನೋವೈದ್ಯರೂ, ಅವರಲ್ಲದೆ ಇನ್ನೊಬ್ಬ ಮಾನಸಿಕ ಆರೋಗ್ಯ ತಜ್ಞರು ಅಥವಾ ವೈದ್ಯರೂ ಅವನನ್ನು ಬೇರೆ ಬೇರೆಯಾಗಿ ಪರೀಕ್ಷಿಸಬೇಕು. ಕಾಯಿಲೆಯ ತೀವ್ರತೆಯಿಂದ ಅವನು ಈಚೆಗೆ ತನಗೆ ತಾನೇ ಹಾನಿ ಮಾಡಿಕೊಳ್ಳಲು ಹೊರಟಿದ್ದಾನೆ, ಅಥವಾ ಇತರರ ಮೇಲೆ ಹಿಂಸೆಗೆ ಇಳಿದಿದ್ದಾನೆ, ಅಥವಾ ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಪಾಯಕ್ಕೆ ಒಳಗಾಗಿದ್ದಾನೆ ಎಂದು ಇಬ್ಬರೂ ಕಂಡುಕೊಳ್ಳಬೇಕು. ದಾಖಲಾತಿಯನ್ನು ಮಾನಸಿಕ ಆರೋಗ್ಯ ಪರಾಮರ್ಶೆ ಮಂಡಳಿಗೆ ಏಳು ದಿನಗಳೊಳಗೆ, ರೋಗಿಯು ಹೆಂಗಸು ಅಥವಾ ಅಪ್ರಾಪ್ತ ವಯಸ್ಸಿನವರಾದರೆ ಮೂರು ದಿನಗಳೊಳಗೆ, ತಿಳಿಸಬೇಕು. ಆ ಮಂಡಳಿಯ ಮುಂದೆ ರೋಗಿಯು ತಕರಾರು ಸಲ್ಲಿಸಬಹುದು. ಅವನಿಗೆ ನಿರ್ಧರಿಸುವ ಸಾಮರ್ಥ್ಯ ಮರಳಿದೆಯೇ ಎಂದು ವೈದ್ಯರು ಏಳು ದಿನಗಳಿಗೊಮ್ಮೆ ನೋಡಬೇಕು. 30 ದಿನ ಮೀರಿದರೆ ಇನ್ನೂ ಬಿಗಿಯಾದ ಪರೀಕ್ಷೆಯೂ ಮಂಡಳಿಯ ಅನುಮತಿಯೂ ಬೇಕು.

ಗುಂಡ್ಲುಪೇಟೆಯಂತಹ ಊರಿಗೆ ಇನ್ನೂ ಹತ್ತಿರವಾದುದು 94ನೆಯ ಕಲಮು. ಪ್ರಾಣಾಪಾಯವೋ, ತನಗೆ ಅಥವಾ ಇತರರಿಗೆ ತೀವ್ರ ಹಾನಿಯೋ ಎದುರಾದಾಗ, ನೋಂದಾಯಿತ ವೈದ್ಯರು ಯಾರಾದರೂ 72 ಗಂಟೆಗಳವರೆಗೆ ತುರ್ತು ಚಿಕಿತ್ಸೆ ನೀಡಬಹುದು. ಪ್ರತಿನಿಧಿಯು ಜೊತೆಗಿದ್ದರೆ ಅವರ ಒಪ್ಪಿಗೆ ಸಾಕು. ಮನೋವೈದ್ಯರೇ ಸಿಗಬೇಕೆಂದು ಕಾಯಬೇಕಾಗಿಲ್ಲ. ಮೊದಲು ತಾಲ್ಲೂಕು ಆಸ್ಪತ್ರೆ. ಅಲ್ಲಿಂದ ಅಗತ್ಯವಿದ್ದರೆ ಚಾಮರಾಜನಗರದ ವೈದ್ಯಕೀಯ ಕಾಲೇಜು ಆಸ್ಪತ್ರೆ, ಮೈಸೂರಿನ ಕೆ.ಆರ್. ಆಸ್ಪತ್ರೆ ಅಥವಾ ಬೆಂಗಳೂರಿನ ನಿಮ್ಹಾನ್ಸ್.

ಮಾದಕ ವಸ್ತುಗಳ 1985ರ ಕಾಯಿದೆಯನ್ನು ನೆನೆದು ಅನೇಕ ತಂದೆತಾಯಿಗಳು ಹೆದರುತ್ತಾರೆ. ಆಸ್ಪತ್ರೆಗೆ ಹೋದರೆ ಮಗನಿಗೆ ಜೈಲಾಗುವುದೇನೋ ಎಂದು ಮುಚ್ಚಿಡುತ್ತಾರೆ. ಆ ಕಾಯಿದೆಯ 64ಎ ಕಲಮು ಇದಕ್ಕೆ ಪರಿಹಾರ ಹೇಳಿದೆ. ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿಯು ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ರಕ್ಷಣೆ ದೊರೆಯುತ್ತದೆ; ಚಿಕಿತ್ಸೆಯನ್ನು ನಡುವೆ ಬಿಟ್ಟರೆ ಆ ರಕ್ಷಣೆಯನ್ನು ಹಿಂಪಡೆಯಬಹುದು. ಅಪರಾಧಿಯೆಂದು ತೀರ್ಮಾನವಾದವನನ್ನು ಶಿಕ್ಷೆಯ ಬದಲು ಚಿಕಿತ್ಸೆಗೆ ಕಳುಹಿಸಲು 39ನೆಯ ಕಲಮು ನ್ಯಾಯಾಲಯಕ್ಕೆ ಅಧಿಕಾರ ಕೊಡುತ್ತದೆ. ಅಲ್ಲಿಯೂ ಅವನ ಒಪ್ಪಿಗೆಯನ್ನು ಕೇಳಿಯೇ ಕಳುಹಿಸಬೇಕು.

ಕಾನೂನು ಎಳೆದ ಗೆರೆ

ಹೀಗೆ ಬಾಗಿಲನ್ನು ಸ್ವಲ್ಪ ತೆರೆದ ಕಾನೂನು ಅಲ್ಲಿಯೇ ಒಂದು ಗೆರೆಯನ್ನೂ ಎಳೆದಿದೆ. ಮಾನಸಿಕ ಕಾಯಿಲೆಯುಳ್ಳ ಯಾರನ್ನೂ ಯಾವುದೇ ರೀತಿಯಲ್ಲಿ ಸರಪಣಿಯಿಂದ ಬಂಧಿಸಬಾರದೆಂದು 95ನೆಯ ಕಲಮು ನಿಷೇಧಿಸಿದೆ. ಇಂಥವರನ್ನು ಪೊಲೀಸರು ರಕ್ಷಣೆಗೆ ತೆಗೆದುಕೊಂಡಾಗಲೂ ಲಾಕಪ್ಪಿನಲ್ಲಿ ಇಡುವಂತಿಲ್ಲ. 24 ಗಂಟೆಗಳೊಳಗೆ ಸಮೀಪದ ಸರ್ಕಾರಿ ಆಸ್ಪತ್ರೆಗೆ ತಲುಪಿಸಬೇಕು. ರೋಗಿಗಳನ್ನು ಇರಿಸಿಕೊಳ್ಳುವ ಸಂಸ್ಥೆ ನೋಂದಣಿ ಪಡೆದಿರಲೇಬೇಕು. ಊರಿನ ರೂಢಿಗೋ ಧಾರ್ಮಿಕ ನಂಬಿಕೆಗೋ ಒಬ್ಬನು ಹೊಂದಿಕೊಳ್ಳಲಿಲ್ಲವೆಂಬ ಕಾರಣಕ್ಕೆ ಅವನನ್ನು ರೋಗಿಯೆಂದು ಕರೆಯುವಂತಿಲ್ಲ. ಅಪ್ಪನಿಗೆ ಎದುರು ನಿಂತ, ಜಾತಿ ಮೀರಿ ಮದುವೆಯಾದ, ಬಲಿಪೂಜೆಗೆ ಬರುವುದನ್ನು ಬಿಟ್ಟ ಮಗನನ್ನು ‘ಸರಿಮಾಡಿಸಲು’ ಈ ಕಾಯಿದೆ ಇಲ್ಲ.

ಇಷ್ಟು ಬಿಗಿ ಏಕೆಂದು ಕೇಳುವವರು ಎರ್ವಾಡಿಯನ್ನು ನೆನೆಯಬೇಕು. ತಮಿಳುನಾಡಿನ ಆ ಯಾತ್ರಾಸ್ಥಳದಲ್ಲಿ, ದೇವರ ಕೃಪೆಯಿಂದ ಗುಣವಾಗಲಿ ಎಂದು ಮನೆಯವರು ತಂದು ಬಿಟ್ಟಿದ್ದ ರೋಗಿಗಳ ಆಶ್ರಯಕ್ಕೆ 2001ರ ಆಗಸ್ಟ್ 6ರ ಬೆಳಗಿನ ಜಾವ ಬೆಂಕಿ ಬಿತ್ತು. ಕಂಬಗಳಿಗೆ, ಮಂಚಗಳಿಗೆ ಸರಪಣಿಯಿಂದ ಬಿಗಿದಿದ್ದ ಅವರು ಓಡಲಾಗದೆ ಸುಟ್ಟುಹೋದರು. ಸತ್ತವರು 28 ಮಂದಿ. ಅವರನ್ನು ಅಲ್ಲಿಗೆ ತಂದವರು ಶತ್ರುಗಳಲ್ಲ. ಸಾಕಿ ಸೋತ ತಾಯಂದಿರು, ಅಣ್ಣಂದಿರು. ಭಕ್ತಿಯೂ ದಣಿವೂ ಕೂಡಿ ಸರಪಣಿಯನ್ನು ಹೇಗೆ ಹೆಣೆಯುತ್ತವೆ ಎಂಬುದನ್ನು ಯಾವ ಧರ್ಮದವರೂ ಮರೆಯಬಾರದು.

ಇಚ್ಛೆಯೆಂಬುದು ಎಷ್ಟು ಸ್ವತಂತ್ರ?

ಇಲ್ಲಿ ತತ್ತ್ವಶಾಸ್ತ್ರದ ಪ್ರಶ್ನೆಯೊಂದು ಏಳುತ್ತದೆ. ವ್ಯಸನಿಯು “ನನಗೆ ಬೇಡ” ಎಂದಾಗ ಮಾತನಾಡುತ್ತಿರುವವರು ಯಾರು? ಅವನೋ, ಅವನೊಳಗೆ ಸೇರಿಕೊಂಡ ಚಟವೋ?

ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದಲ್ಲಿ ಕೈಯಿಂದ ಬಿಟ್ಟ ಕಲ್ಲಿನ ದೃಷ್ಟಾಂತ ಕೊಡುತ್ತಾನೆ. ಎಸೆಯುವುದೂ ಬಿಡುವುದೂ ಎಸೆಯುವವನ ಕೈಯಲ್ಲಿತ್ತು. ಎಸೆದ ಮೇಲೆ ಹಿಂದಕ್ಕೆ ತರುವುದು ಅವನ ಕೈಯಲ್ಲಿಲ್ಲ. ಮೊದಲ ಲೋಟವನ್ನು ಎತ್ತುವಾಗ ಇದ್ದ ಸ್ವಾತಂತ್ರ್ಯ ಸಾವಿರದ ಲೋಟದ ಹೊತ್ತಿಗೆ ಅಷ್ಟೇ ಉಳಿದಿರುವುದಿಲ್ಲ. ಮಾದಕ ವಸ್ತುಗಳ ಸೇವನೆ ಗಂಭೀರ ದೋಷವೆಂದು ನಮ್ಮ ಕಥೋಲಿಕ ಧರ್ಮೋಪದೇಶ ಕಲಿಸುತ್ತದೆ; ಬೇರೂರಿದ ಅಭ್ಯಾಸವು ಮನುಷ್ಯನ ಹೊಣೆಗಾರಿಕೆಯನ್ನು ಕುಗ್ಗಿಸಬಲ್ಲದೆಂದೂ ಅದೇ ಗ್ರಂಥ ಕಲಿಸುತ್ತದೆ. ಪಾಪವೂ ಹೌದು, ರೋಗವೂ ಹೌದು ಎಂಬ ಎರಡು ಮಾತನ್ನೂ ಧರ್ಮಸಭೆ ಒಟ್ಟಿಗೆ ಹಿಡಿದಿದೆ.

ಸಂತ ತೋಮಸ್ ಅಕ್ವಿನಾಸರು ಇದಕ್ಕೆ ಇನ್ನೊಂದು ವಿವೇಕವನ್ನು ಸೇರಿಸುತ್ತಾರೆ. ಕೈಕಾಲುಗಳ ಮೇಲೆ ಬಲಾತ್ಕಾರ ಸಾಧ್ಯ. ಇಚ್ಛೆಯೆಂಬುದರ ಮೇಲೆ ಬಲಾತ್ಕಾರ ಸಾಧ್ಯವೇ ಇಲ್ಲ. ಒತ್ತಾಯದಿಂದ ಹುಟ್ಟಿದ ಇಚ್ಛೆ ಇಚ್ಛೆಯೇ ಅಲ್ಲ. ನಮ್ಮ ಪ್ರಶ್ನೆಗೆ ಇದನ್ನು ಅನ್ವಯಿಸಿದರೆ ಅರ್ಥ ಸ್ಪಷ್ಟ. ವ್ಯಸನಿಯ ದೇಹವನ್ನು ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಒಯ್ಯಬಹುದು. ಅವನ ರಕ್ತದೊಳಗಿನ ವಿಷವನ್ನು ಇಳಿಸಬಹುದು. ‘ಇನ್ನು ಕುಡಿಯುವುದಿಲ್ಲ’ ಎಂಬ ನಿರ್ಧಾರವನ್ನು ಮಾತ್ರ ಅವನ ಬದಲು ತಾಯಿಯಾಗಲಿ, ವೈದ್ಯರಾಗಲಿ, ನ್ಯಾಯಾಧೀಶರಾಗಲಿ ಮಾಡಲಾರರು. ಬಲವಂತಕ್ಕೆ ನ್ಯಾಯವಾದ ಉದ್ದೇಶ ಒಂದೇ: ಕಳೆದುಹೋದ ಇಚ್ಛೆ ಮರಳಿ ತಲೆಯೆತ್ತುವವರೆಗೆ ಪ್ರಾಣವನ್ನು ಉಳಿಸಿಡುವುದು.

ಶುಭಸಂದೇಶದಲ್ಲಿ ಈ ವಿವೇಕಕ್ಕೆ ಮೂರು ಚಿತ್ರಗಳಿವೆ. ಪಾರ್ಶ್ವವಾಯು ಪೀಡಿತನನ್ನು ನಾಲ್ವರು ಹೊತ್ತು ತಂದು, ಮಾಳಿಗೆಯನ್ನು ತೆಗೆದು, ಪ್ರಭುವಿನ ಮುಂದೆ ಇಳಿಸಿದರು. ಅವನಲ್ಲಿ ನಡೆಯುವ ಶಕ್ತಿ ಇರಲಿಲ್ಲ, ಹೊತ್ತವರ ವಿಶ್ವಾಸವನ್ನು ಪ್ರಭು ಕಂಡರು. ಗೆರಸೇನರ ನಾಡಿನಲ್ಲಿ ಗೋರಿಗಳ ನಡುವೆ ಅಲೆಯುತ್ತಿದ್ದವನನ್ನು ಊರಿನವರು ಹಲವು ಬಾರಿ ಸಂಕೋಲೆಗಳಿಂದ ಬಿಗಿದಿದ್ದರು, ಅವನು ಹರಿದೊಗೆದಿದ್ದ. ಅವನ ಹೆಸರನ್ನು ಕೇಳಿದ ಪ್ರಭು ಅವನನ್ನು ಬಿಡಿಸಿ, ಸ್ವಸ್ಥಚಿತ್ತನಾಗಿ ಅವನ ಮನೆಯವರ ಬಳಿಗೇ ಕಳುಹಿಸಿದರು. ಬೆತ್ಸಥ ಕೊಳದ ಬಳಿ 38 ವರ್ಷ ಬಿದ್ದಿದ್ದವನನ್ನು ಗುಣಪಡಿಸುವ ಮುನ್ನ, ಗುಣವಾಗುವ ಇಷ್ಟ ಅವನಿಗೆ ಉಂಟೇ ಎಂದು ಕೇಳಿದರು. ಹೊತ್ತು ತರುವುದು ಪ್ರೀತಿ. ಕಟ್ಟಿ ಹಾಕುವುದು ಸೋಲು. ಕೇಳುವುದು ಗೌರವ.

ಬಲವಂತದಿಂದ ಗುಣವಾಗುತ್ತದೆಯೇ?

“ಇಷ್ಟ ಬರುವವರೆಗೆ ಕಾಯುತ್ತ ಕೂತರೆ ಅವನು ಬದುಕಿರುತ್ತಾನೆಯೇ?” ಎಂದು ತಾಯಿ ಕೇಳಿದರೆ ಆ ಮಾತನ್ನು ತಳ್ಳಿಹಾಕುವಂತಿಲ್ಲ. ಇದೇ ಆಲೋಚನೆಯಿಂದ ಹಲವು ದೇಶಗಳು ಕಾನೂನು ಮಾಡಿವೆ. ಸ್ವೀಡನ್ನಿನಲ್ಲಿ ನ್ಯಾಯಾಲಯದ ಆದೇಶದಿಂದ ವ್ಯಸನಿಯನ್ನು ಆರು ತಿಂಗಳವರೆಗೆ ಇರಿಸಬಹುದು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 90 ದಿನಗಳವರೆಗೆ. ಆದರೆ ಅನುಭವ ಉತ್ಸಾಹದಾಯಕವಾಗಿಲ್ಲ. ಬಲವಂತದ ಚಿಕಿತ್ಸೆಯನ್ನು ಕುರಿತ ಒಂಬತ್ತು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 2016ರಲ್ಲಿ ಪ್ರಕಟವಾದ ವಿಮರ್ಶೆಯಲ್ಲಿ ಸ್ಪಷ್ಟ ಪ್ರಯೋಜನ ಕಂಡುಬಂದುದು ಎರಡರಲ್ಲಿ ಮಾತ್ರ. ಎರಡರಲ್ಲಿ ಹಾನಿಯೇ ಕಂಡಿತು. ಏಷ್ಯದ ಕೆಲವು ದೇಶಗಳ ಬಂಧನ ಶಿಬಿರಗಳನ್ನು ನೋಡಿದ ವಿಶ್ವಸಂಸ್ಥೆಯ ಹನ್ನೆರಡು ಅಂಗಸಂಸ್ಥೆಗಳು ಅವನ್ನು ಮುಚ್ಚಬೇಕೆಂದು 2012ರಲ್ಲಿ ಜಂಟಿಯಾಗಿ ಕರೆಯಿತ್ತವು. ಅಫೀಮು ಜಾತಿಯ ಮಾದಕಗಳಲ್ಲಿ ಇನ್ನೊಂದು ಅಪಾಯವೂ ಇದೆ. ಕೂಡಿಹಾಕಿದ ದಿನಗಳಲ್ಲಿ ದೇಹದ ತಾಳಿಕೆ ಇಳಿದಿರುತ್ತದೆ. ಹೊರಬಂದವನು ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಅದೇ ಪ್ರಾಣಾಂತಕ. ನಮ್ಮ ಕಾಯಿದೆ ಅವಧಿಯನ್ನು ಚಿಕ್ಕದಾಗಿ ಇಟ್ಟುದರಲ್ಲಿ ವಿವೇಕವಿದೆ.

ಮನೆಯವರು ತಿಳಿಯದೆ ಕೈಹಾಕುವ ಮೂರು ದಾರಿಗಳ ಬಗ್ಗೆ ಎಚ್ಚರಿಸಲೇಬೇಕು. ಮೊದಲನೆಯದು, ಕೋಣೆಯಲ್ಲಿ ಕೂಡಿಹಾಕಿ ಕುಡಿತ ಬಿಡಿಸುವುದು. ವರ್ಷಗಟ್ಟಲೆ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಎರಡರಿಂದ ನಾಲ್ಕು ದಿನಗಳೊಳಗೆ ನಡುಕ, ಫಿಟ್ಸ್, ಚಿತ್ತಭ್ರಮೆ ಕಾಣಿಸಿಕೊಳ್ಳಬಹುದು. ವೈದ್ಯರಿಲ್ಲದಿದ್ದರೆ ಸಾವೂ ಬರಬಹುದು. ಎರಡನೆಯದು, ರೋಗಿಗೆ ತಿಳಿಯದಂತೆ ಸಾರಿನಲ್ಲೋ ಕಾಫಿಯಲ್ಲೋ ಔಷಧಿ ಬೆರೆಸುವುದು. ಡೈಸಲ್ಫಿರಾಮ್ ಎಂಬ ಮಾತ್ರೆಯನ್ನು ವೈದ್ಯರು ರೋಗಿಯ ಅರಿವಿನಿಂದ, ಪರೀಕ್ಷೆ ಮಾಡಿಸಿ ಕೊಡುತ್ತಾರೆ. ಅದು ಮೈಯಲ್ಲಿರುವುದನ್ನು ಅರಿಯದೆ ಕುಡಿದವನಿಗೆ ರಕ್ತದೊತ್ತಡ ಕುಸಿದು ಹೃದಯಕ್ಕೇ ಪೆಟ್ಟಾಗಬಹುದು. ಅದಲ್ಲದೆ, ಅಮ್ಮನ ಕೈಯ ಅನ್ನದ ಮೇಲೆ ನಂಬಿಕೆ ಹೋದವನಿಗೆ ಮತ್ತೆ ಯಾರನ್ನು ನಂಬಲು ಹೇಳೋಣ? ಮೂರನೆಯದು, ಯಾರೋ ಹೇಳಿದರೆಂದು ನೋಂದಣಿಯೇ ಇಲ್ಲದ ಕೇಂದ್ರಕ್ಕೆ ರಾತ್ರೋರಾತ್ರಿ ಜೀಪಿನಲ್ಲಿ ತುಂಬಿಸಿ ಕಳುಹಿಸುವುದು. ಸೇರಿಸುವ ಮುನ್ನ ನೋಂದಣಿ ಪತ್ರವನ್ನು ಕೇಳಿ. ಮನೋವೈದ್ಯರು ಯಾರೆಂದು ಕೇಳಿ. ಮನೆಯವರು ಭೇಟಿಯಾಗಬಹುದೇ ಎಂದು ಕೇಳಿ. ಕೇಳಿದ್ದಕ್ಕೆ ಸಿಡುಕುವ ಕೇಂದ್ರ ನಿಮ್ಮ ಮಗನಿಗೆ ಬೇಡ.

ಮೂವತ್ತೊಂದನೆಯ ದಿನ

ಡಬ್ಲಿನ್ ನಗರದ ಕೂಲಿಯಾಳು ಮ್ಯಾಟ್ ಟಾಲ್ಬಟ್‌ನ ಜೀವನ ಇಲ್ಲಿ ಸ್ಮರಣೀಯ. 1856ರಲ್ಲಿ ಹುಟ್ಟಿದ ಆತ ಹುಡುಗನಾಗಿರುವಾಗಲೇ ಕುಡಿತಕ್ಕೆ ಬಿದ್ದ. 1884ರಲ್ಲಿ ಒಂದು ದಿನ ಕುಡಿಯಬಾರದೆಂದು ಪ್ರತಿಜ್ಞೆ ಮಾಡಿದ. ಮೊದಲು ಮೂರು ತಿಂಗಳಿಗೆ, ಅನಂತರ ಆರು ತಿಂಗಳಿಗೆ, ಆಮೇಲೆ ಜೀವನಪರ್ಯಂತ. ಮುಂದಿನ 40 ವರ್ಷ ಬಲಿಪೂಜೆಯನ್ನೇ ಆಸರೆಯಾಗಿ ಹಿಡಿದು ಬದುಕಿದ. 1925ರಲ್ಲಿ ಬಲಿಪೂಜೆಗೆ ಹೋಗುವ ದಾರಿಯಲ್ಲೇ ಬಿದ್ದು ಸತ್ತಾಗ, ಅವನ ಬಟ್ಟೆಯ ಒಳಗೆ ಮೈಗೆ ಸುತ್ತಿದ ಸರಪಣಿಗಳಿದ್ದವು. ತಪಸ್ಸಿಗೆಂದು ಅವನೇ ಧರಿಸಿದವು. 1975ರಲ್ಲಿ ಧರ್ಮಸಭೆ ಅವನನ್ನು ಪೂಜ್ಯನೆಂದು ಘೋಷಿಸಿತು. ಆ ತಪಸ್ಸನ್ನು ಇಂದು ಯಾರೂ ಅನುಕರಿಸಬೇಕಾಗಿಲ್ಲ. ಆದರೂ ಒಬ್ಬನು ತಾನಾಗಿ ತೊಟ್ಟ ಬಂಧನಕ್ಕೂ ಇತರರು ಅವನಿಗೆ ತೊಡಿಸಿದ ಬಂಧನಕ್ಕೂ ಇರುವ ಅಂತರ ಅವನ ಬದುಕಿನಲ್ಲಿ ಎದ್ದು ಕಾಣುತ್ತದೆ.

ಕಾನೂನು 30 ದಿನ ಕೊಡಬಹುದು. ಮೂವತ್ತೊಂದನೆಯ ದಿನ ಅವನು ಬಸ್ಸಿನಿಂದ ಇಳಿದು ಬರುವುದು ನಮ್ಮ ನಡುವೆಗೆ. ಅಂದು ಅವನಿಗೆ ಏನು ಕಾದಿದೆ? ಹಳೆಯ ಗೆಳೆಯರೂ ಹಳೆಯ ಅಂಗಡಿಯೂ ಕಾದಿರುತ್ತವೆ. ನಾವು ಕಾದಿರುತ್ತೇವೆಯೇ? ಜ್ಞಾನಸ್ನಾನದ ಊಟ, ಮದುವೆ, ಊರಹಬ್ಬಗಳಲ್ಲಿ ಬಾಟಲಿಯಿಲ್ಲದೆ ಸಂತೋಷವೇ ಇಲ್ಲವೆಂಬಂತೆ ನಡೆದುಕೊಳ್ಳುವ ಸಮುದಾಯ, ಬಿದ್ದವನನ್ನು ಮಾತ್ರ ‘ಕುಡುಕ’ನೆಂದು ಹೀಗಳೆಯುವುದು ನ್ಯಾಯವಲ್ಲ. ಮುಂಬಯಿಯ ಧರ್ಮಗುರು ಜೋ ಪೆರೇರಾ 1981ರಲ್ಲಿ ಬಾಂದ್ರಾದ ದೇವಾಲಯದ ಆಶ್ರಯದಲ್ಲಿ ಆರಂಭಿಸಿದ ‘ಕೃಪಾ’ ಸಂಸ್ಥೆ ದೇಶದ ಹಲವೆಡೆ ಹಬ್ಬಿರುವುದನ್ನು ನೋಡಿದರೆ, ಒಂದು ಧರ್ಮಕೇಂದ್ರದಿಂದ ಎಷ್ಟು ಸಾಧ್ಯವೆಂಬುದು ತಿಳಿಯುತ್ತದೆ.

ನಮ್ಮ ಧರ್ಮಕೇಂದ್ರಗಳು ಅಷ್ಟು ದೊಡ್ಡದನ್ನು ಮಾಡಲಾರವಾದರೂ ಇಷ್ಟನ್ನು ಮಾಡಬಲ್ಲವು. ಆಸ್ಪತ್ರೆಗೆ ಹೋಗುವ ತಾಯಿಯ ಜೊತೆ ಪಾಲನಾ ಸಮಿತಿಯ ಇಬ್ಬರು ಹೋಗಲಿ. ಬಿಡುಗಡೆಯಾಗಿ ಬಂದವನಿಗೆ ಮುಂದಿನ ತಪಾಸಣೆಯ ದಿನಗಳನ್ನು ನೆನಪಿಸುವ, ಬಸ್ಸಿನ ಖರ್ಚಿಗೆ ನೆರವಾಗುವ ಒಬ್ಬ ಅಣ್ಣನಿರಲಿ. ವಾರಕ್ಕೊಮ್ಮೆ ಚೇತರಿಸಿಕೊಳ್ಳುತ್ತಿರುವವರೂ ಅವರ ಮನೆಯವರೂ ಕೂತು ಮಾತಾಡಲು ದೇವಾಲಯದ ಒಂದು ಕೊಠಡಿ ತೆರೆದಿರಲಿ. ಬಡತನ ರೇಖೆಗಿಂತ ಕೆಳಗಿರುವವರಿಗೆ ಸರ್ಕಾರಿ ಕೇಂದ್ರಗಳಲ್ಲಿ ಉಚಿತ ಚಿಕಿತ್ಸೆಯೂ, ರೋಗಿಗೆ ಉಚಿತ ಕಾನೂನು ನೆರವೂ ಈ ಕಾಯಿದೆ ಕೊಟ್ಟ ಹಕ್ಕು. ಅದನ್ನು ಕೇಳಲು ಸಂಕೋಚ ಬೇಡ. ಹಗಲಿರುಳೆನ್ನದೆ ಕನ್ನಡದಲ್ಲೇ ಮಾತನಾಡಬಹುದಾದ ಟೆಲಿ ಮಾನಸ್ ಸಹಾಯವಾಣಿ 14416, ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446. ಈ ಎರಡು ಸಂಖ್ಯೆಗಳನ್ನು ಪ್ರತಿ ದೇವಾಲಯದ ಸೂಚನಾ ಫಲಕದಲ್ಲಿ ಬರೆದಿಡೋಣ.

ಪ್ರಿಯ ತಾಯಂದಿರೇ, ನಿಮ್ಮ ಮಗ ಕತ್ತಿ ಹಿಡಿದಾಗ, ಸಾಯುತ್ತೇನೆಂದಾಗ, ಎದ್ದು ನಿಲ್ಲಲಾರದೆ ಬಿದ್ದಾಗ ಅವನ ಒಪ್ಪಿಗೆಗಾಗಿ ಕಾಯಬೇಡಿ; ವೈದ್ಯರನ್ನು ಕರೆಯಿರಿ, ಕಾನೂನಿನ ನೆರವು ಪಡೆಯಿರಿ. ಅದು ಪಾಪವಲ್ಲ, ದ್ರೋಹವಲ್ಲ. ಆ ಬಿರುಗಾಳಿ ಇಳಿದ ಮೇಲೆ ಅವನ ಹಾಸಿಗೆಯ ಬಳಿ ಕೂತು, ಗುಣವಾಗುವ ಇಷ್ಟ ಅವನಿಗೆ ಉಂಟೇ ಎಂದು ಕೇಳಿ. ಮೊದಲ ಸಲ ಅವನು ತಲೆ ತಿರುಗಿಸಿಕೊಳ್ಳಬಹುದು. ಮತ್ತೆ ಕೇಳಿ. ಮಂಚವನ್ನು ಹೊತ್ತವರು ನಾಲ್ವರೆಂಬುದು ನೆನಪಿರಲಿ. ನೀವೊಬ್ಬರೇ ಹೊರಬೇಕಾಗಿಲ್ಲ, ಉಳಿದ ಮೂರು ಮೂಲೆಗಳಿಗೆ ಹೆಗಲು ಕೊಡುವುದು ಧರ್ಮಕೇಂದ್ರದ ಹೊಣೆ.